ನಮ್ಮ ಜಿಲ್ಲೆಯ ಮಾಸ್ತಿ



ನಮ್ಮ ಮನೇಲಿ ಮಾತಾಡೋದು ತೆಲುಗು. ಹೋಳೂರಿನ ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಹೀಗೇ. ಒಂದನೇ ಕ್ಲಾಸಿನಲ್ಲಿ ನಾನು ನೀರು ಅನ್ನೋ ಬದಲು ನೀಳ್ಳು ಅಂದುಬಿಟ್ಟೆ. ಎಲ್ಲರೂ ಗೊಳ್ಳೆಂದು ನಕ್ಕರು. ಅವತ್ತಿನಿಂದ ಎದ್ದು ನಿಂತು ಪಾಠ ಓದಬೇಕೆಂದರೆ ನನಗೆ ನಾಲಗೆ ಒಣಗುತ್ತಿತ್ತು. ಕನ್ನಡ ನಮ್ಮದಲ್ಲವೇನೋ ಅನ್ನಿಸುತ್ತಿತ್ತು. ಈ ವರ್ಷ ಮಾಸ್ತಿಯವರ ಜೀವನ ಚರಿತ್ರೆ ಓದಿದ ಮೇಲೆ ಆ ಅಂಜಿಕೆ ಹೋಯಿತು. ಅದಕ್ಕೇ ಈ ಸಲದ ಗೋಡೆ ಪತ್ರಿಕೆಗೆ ಅವರ ವಿಷಯ ಬರೆದಿದ್ದೇನೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ೧೮೯೧ನೇ ಇಸವಿ ಜೂನ್ ೬ರಂದು ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದರು. ಮಾಸ್ತಿ ಅನ್ನೋದು ಅವರ ಊರಿನ ಹೆಸರು. ಅವರ ಮನೆಮಾತು ತಮಿಳು, ಊರಿನ ಮಾತು ಕನ್ನಡ. ಮನೆಯಲ್ಲಿ ಬಡತನ. ಊರಿಂದ ಊರಿಗೆ ಹೋಗಿ ಕಷ್ಟಪಟ್ಟು ಓದಿದರು. ೧೯೧೪ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಚಿನ್ನದ ಪದಕ ಪಡೆದರು. ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಪಾಸಾಗಿ ದೊಡ್ಡ ಅಧಿಕಾರಿ ಆದರು.

ಈಗ ಯೋಚನೆ ಮಾಡಿ. ಮನೇಲಿ ತಮಿಳು, ಓದಿದ್ದು ಇಂಗ್ಲಿಷ್. ಆದರೂ ಕಥೆ ಬರೆಯೋಕೆ ಕೂತಾಗ ಅವರು ಆರಿಸಿಕೊಂಡದ್ದು ಕನ್ನಡವನ್ನೇ. ೧೯೨೦ರಲ್ಲಿ ಅವರ ಮೊದಲ ಕಥಾಸಂಗ್ರಹ ಬಂತು. ಶ್ರೀನಿವಾಸ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಅವರ ಕಥೆ ಓದಿದರೆ ಜಗಲಿ ಮೇಲೆ ಕೂತ ತಾತ ಹೇಳಿದ ಹಾಗೇ ಇರುತ್ತೆ.

೧೯೪೩ರಲ್ಲಿ ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಕೊಟ್ಟಾಗ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಆಮೇಲೆ ಜೀವನ ಎಂಬ ಪತ್ರಿಕೆಯನ್ನು ಎಷ್ಟೋ ವರ್ಷ ನಡೆಸಿದರು. ಕೊಡಗಿನ ಕೊನೆಯ ರಾಜನ ಕಥೆಯಾದ ಚಿಕವೀರ ರಾಜೇಂದ್ರ ಕಾದಂಬರಿ ಬರೆದರು. ೧೯೮೩ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಅದು ಕನ್ನಡಕ್ಕೆ ನಾಲ್ಕನೆಯದು. ಎರಡನೆಯದನ್ನು ತಂದ ಬೇಂದ್ರೆಯವರ ಮನೆಮಾತೂ ಕನ್ನಡವಲ್ಲ, ಮರಾಠಿ! ಜನ ಮಾಸ್ತಿಯವರನ್ನು ಕನ್ನಡದ ಆಸ್ತಿ ಎಂದು ಕರೆದರು. ೧೯೮೬ನೇ ಇಸವಿ ಜೂನ್ ೬ರಂದು, ಅಂದರೆ ಹುಟ್ಟಿದ ದಿನವೇ, ತೀರಿಕೊಂಡರು. ಆಗ ಅವರಿಗೆ ೯೫ ವರ್ಷ ತುಂಬಿತ್ತು.

ಇದನ್ನು ಓದಿ ನನಗೆ ಒಂದು ತಿಳಿಯಿತು. ಮನೆಮಾತು ಯಾವುದೇ ಇರಲಿ, ಪ್ರೀತಿಯಿಂದ ಕಲಿತ ಮಾತೂ ನಮ್ಮದೇ. ನಮ್ಮ ಅವ್ವ ರಾತ್ರಿ ಹೊತ್ತು ತೆಲುಗಿನಲ್ಲಿ ಕಥೆ ಹೇಳ್ತಾರೆ. ಅದರಲ್ಲಿ ಒಂದನ್ನು ಕನ್ನಡದಲ್ಲಿ ಬರೆದು ಮುಂದಿನ ಸಂಚಿಕೆಗೆ ಕೊಡ್ತೀನಿ. ತಪ್ಪಿದ್ದರೆ ತಿದ್ದಿ.

ಇನ್ನೊಂದು ಮಾತು. ಒಂದನೇ ಕ್ಲಾಸಿನ ಮಕ್ಕಳು ಯಾರಾದರೂ ನೀಳ್ಳು ಅಂದರೆ ದಯವಿಟ್ಟು ನಗಬೇಡಿ. ಮೊದಲು ನೀರು ಕೊಡಿ, ಆಮೇಲೆ ಮಾತು ಹೇಳಿಕೊಡಿ.

– ೮ನೇ ತರಗತಿಯ ವಿದ್ಯಾರ್ಥಿನಿ