ಎರಡೂವರೆ ಅಡಿ ಹಳಿಯ ಕಾಲ್ತ್ರಪ್

ನಮ್ಮ ತಾಲೂಕಿನ ಹೆಸರು ಹೊತ್ತ ರೈಲು ನಿಲ್ದಾಣವೊಂದು ಮಿರಜ–ಪಂಢರಪುರ ಮಾರ್ಗದಲ್ಲಿದೆ. ಅದರ ಹೆಸರು ಜತ್ತ ರೋಡ್. ಹೊಸಬರು ಇದನ್ನು ಜತ್ತವೆಂದೇ ತಿಳಿದು ಇಳಿದರೆ ಮೋಸ ಹೋಗುತ್ತಾರೆ. ರೈಲಿನವರ ರೂಢಿಯಲ್ಲಿ ಊರ ಹೆಸರಿನ ಮುಂದೆ ರೋಡ್ ಎಂದು ಬಂದರೆ, ಊರು ಇಲ್ಲಿಲ್ಲ, ಇಲ್ಲಿಂದ ಊರಿಗೆ ರಸ್ತೆ ಇದೆ ಎಂದರ್ಥ. ಈ ರಸ್ತೆಯ ಕಷ್ಟವನ್ನು ಕಂಡು, ಅದನ್ನು ನೀಗಿಸುವುದಕ್ಕಾಗಿಯೇ ಬಹುಕಾಲ ದುಡಿದ ಒಬ್ಬ ಎಂಜಿನಿಯರರ ಜೀವನವನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ಪರಿಚಯಿಸಬೇಕೆಂದು ನಮ್ಮ ಆಸೆ. ಜಗತ್ತಿನ ಸಣ್ಣ ರೈಲುಗಳ ಹವ್ಯಾಸಿಗಳೆಲ್ಲ ಅವರ ಹೆಸರನ್ನು ಬಲ್ಲರು. ಅವರ ಗಾಡಿಯ ಸಿಳ್ಳು ಕೇಳಿ ಬೆಳೆದ ನಮ್ಮ ಭಾಗದಲ್ಲಿಯೇ ಆ ಹೆಸರು ಅಪರಿಚಿತ.

ಎವರಾರ್ಡ್ ರಿಚರ್ಡ್ ಕಾಲ್ತ್ರಪ್ ಹುಟ್ಟಿದ್ದು 1857ರ ಮಾರ್ಚ್ 3ರಂದು, ಇಂಗ್ಲೆಂಡಿನ ಒಂದು ಒಕ್ಕಲು ಮನೆತನದಲ್ಲಿ. ತಂದೆ ರೈತರು; ಇವರೇ ಹಿರಿಯ ಮಗ. ಅಪ್ಪಿಂಗ್‌ಹ್ಯಾಮ್ ಎಂಬಲ್ಲಿನ ಶಾಲೆಯಲ್ಲಿ ಓದು ಮುಗಿಸಿ ಯಂತ್ರದ ಕೆಲಸಕ್ಕೆ ಇಳಿದರು. 1874ರಲ್ಲಿ ಕ್ರೂ ಎಂಬ ಊರಿನ ದೊಡ್ಡ ರೈಲು ಕಾರ್ಖಾನೆಯಲ್ಲಿ ಉಮೇದುವಾರರಾಗಿ ಸೇರಿ, ಕೈಗೆ ಎಣ್ಣೆ ಮಸಿ ಹತ್ತಿಸಿಕೊಂಡೇ ವಿದ್ಯೆ ಕಲಿತರು. ಅವರ ತಮ್ಮ ಗೈ ಕಾಲ್ತ್ರಪ್ ಕೂಡ ರೈಲು ಇಲಾಖೆಯಲ್ಲಿಯೇ ಬೆಳೆದು ಮುಂದೆ ದೊಡ್ಡ ಕಂಪನಿಯೊಂದರ ಮುಖ್ಯ ವ್ಯವಸ್ಥಾಪಕರಾದರು.

1882ರಲ್ಲಿ ಎವರಾರ್ಡರು ಭಾರತಕ್ಕೆ ಬಂದರು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯಲ್ಲಿ ಅವರಿಗೆ ಎಂಜಿನ್‌ಗಳ ತನಿಖೆಯ ಕೆಲಸ. ಮುಂಬಯಿಯಿಂದ ಪುಣೆ, ಸೋಲಾಪುರ ದಾಟಿ ರಾಯಚೂರಿನ ಕಡೆಗೆ ಹೋಗುವ ದೊಡ್ಡ ಹಳಿ ಆ ಕಂಪನಿಯದೇ. ಹಳಿಯ ಮೇಲೆ ಗಾಡಿ ಗಾಳಿಯಂತೆ ಓಡುತ್ತಿತ್ತು. ಹಳಿಯಿಂದ ಹತ್ತು ಹರದಾರಿ ಒಳಗಿರುವ ಊರಿಗೆ ಮಾತ್ರ ಚಕ್ಕಡಿಯೇ ಗತಿ. ಬಾರ್ಶಿ ಅಂತಹದೊಂದು ಊರು. ಹತ್ತಿಯ ದೊಡ್ಡ ಪೇಟೆ. ಅದರ ನಿಲ್ದಾಣ ಸುಮಾರು 35 ಕಿಲೋಮೀಟರು ದೂರದ ಬಾರ್ಶಿ ರೋಡ್, ಅಂದರೆ ಈಗಿನ ಕುರ್ಡುವಾಡಿ. ನಮ್ಮ ಜತ್ತ ರೋಡಿನ ಅಣ್ಣನೆಂದರೂ ನಡೆದೀತು. ಹತ್ತಿಯ ಅಂಡಿಗೆಗಳನ್ನು ಎತ್ತಿನ ಬಂಡಿಗಳಲ್ಲಿ ಹೇರಿ ಅಲ್ಲಿಗೆ ಒಯ್ಯಬೇಕಾಗಿತ್ತು. ಎರೆಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಬಂಡಿ ಹುಗಿದರೆ ಏನಾಗುತ್ತದೆಂಬುದನ್ನು ನಮ್ಮ ಪಾಲಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಊರಿಗೆ ಐದೂವರೆ ಅಡಿ ಅಗಲದ ದೊಡ್ಡ ಹಳಿ ಹಾಕಿದರೆ ಹಾಕಿದ ಹಣ ಹುಟ್ಟುವುದಿಲ್ಲ. ಹಾಕದಿದ್ದರೆ ಊರು ಬೆಳೆಯುವುದಿಲ್ಲ. ಇದಕ್ಕೆ ಅಗ್ಗದ ಸಣ್ಣ ಹಳಿಯೇ ಉತ್ತರವೆಂದು ಕಾಲ್ತ್ರಪ್ ನಂಬಿದರು. ಮೊದಲ ಪ್ರಯೋಗ ನಾಸಿಕದಲ್ಲಿ ನಡೆಯಿತು. ಅಲ್ಲಿಯೂ ನಾಸಿಕ ರೋಡ್ ಊರಿನಿಂದ ದೂರ. 1889ರಲ್ಲಿ ನಿಲ್ದಾಣದಿಂದ ಊರೊಳಗಿನವರೆಗೆ ಎರಡೂವರೆ ಅಡಿ ಅಗಲದ ಟ್ರಾಮ್ ಹಳಿ ಬಿತ್ತು. ಅದರ ಸಲಹೆಗಾರ ಎಂಜಿನಿಯರರು ಕಾಲ್ತ್ರಪ್. ಟ್ರಾಮ್ ಎಂದರೆ ಬೀದಿಯಲ್ಲಿಯೇ ಹಳಿಯ ಮೇಲೆ ಓಡುವ ಗಾಡಿ. ಮುಂಬಯಿಯಲ್ಲಿ 1874ರಿಂದ ಕುದುರೆ ಟ್ರಾಮ್, 1907ರಿಂದ ವಿದ್ಯುತ್ ಟ್ರಾಮ್ ಓಡಿ 1964ರಲ್ಲಿ ನಿಂತುಹೋದವು. ನಾಸಿಕದ ಟ್ರಾಮನ್ನು ಮೊದಮೊದಲು ಎಳೆದದ್ದು ನಾಲ್ಕು ಕುದುರೆಗಳು. ಕ್ಷಾಮ, ಪ್ಲೇಗುಗಳ ಹೊಡೆತದಿಂದ ನಷ್ಟಕ್ಕೆ ಸಿಕ್ಕಿ ಅದು 1930ರ ದಶಕದ ಆರಂಭದಲ್ಲಿ ಮುಚ್ಚಿತು.

ಬಾರ್ಶಿಯ ಕೆಲಸ ಅಷ್ಟು ಸುಲಭವಾಗಿ ಕೈಗೂಡಲಿಲ್ಲ. ಕಾಲ್ತ್ರಪ್ ನೌಕರಿ ಬಿಟ್ಟರು. 1892ರಲ್ಲಿ ತಾಯ್ನಾಡಿಗೆ ಮರಳಿ ಲಿವರ್‌ಪೂಲಿನಲ್ಲಿ ಸಲಹೆಗಾರರಾಗಿ ಕುಳಿತರು. ಆದರೆ ಬಾರ್ಶಿಯನ್ನು ಮರೆಯಲಿಲ್ಲ. 1895ರಲ್ಲಿ ಸರಕಾರದೊಡನೆ ಮಾತು ಕುದುರಿಸಿ, ಹೊಸ ಕಂಪನಿ ಕಟ್ಟಿಸಿ, ತಾವೇ ಅದರ ಎಂಜಿನಿಯರರಾದರು. 1897ರಲ್ಲಿ ಬಾರ್ಶಿಗೆ ಗಾಡಿ ಬಂದಿತು.

ಈ ರೈಲಿನ ಹೆಚ್ಚುಗಾರಿಕೆ ಏನೆಂಬುದನ್ನು ನಮ್ಮ ವಿಜ್ಞಾನದ ವಿದ್ಯಾರ್ಥಿಗಳು ಗಮನವಿಟ್ಟು ನೋಡಬೇಕು. ಅದುವರೆಗೆ ಸಣ್ಣ ಹಳಿಯೆಂದರೆ ಆಟಿಕೆಯ ಗಾಡಿ ಎಂಬ ಭಾವನೆಯಿತ್ತು. ಹಗುರ ಹಳಿಯ ಮೇಲೆ ಭಾರದ ಗಾಡಿ ಓಡಿಸಿದರೆ ಹಳಿ ಬಾಗುತ್ತದೆ. ಕಾಲ್ತ್ರಪ್ ಲೆಕ್ಕವನ್ನೇ ತಿರುಗಿಸಿದರು. ಹಳಿಗೆ ನೋವಾಗುವುದು ಗಾಡಿಯ ಒಟ್ಟು ಭಾರದಿಂದಲ್ಲ, ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರದಿಂದ. ಎಂಜಿನ್ ಇರಲಿ, ಡಬ್ಬಿ ಇರಲಿ, ಒಂದು ಅಚ್ಚಿನ ಮೇಲೆ 5 ಟನ್ನಿಗಿಂತ ಹೆಚ್ಚು ಬೀಳಕೂಡದು ಎಂದು ನಿಯಮ ಮಾಡಿದರು. ನಾಲ್ಕು ಅಚ್ಚುಗಳ ಡಬ್ಬಿ ಸಾಮಾನು ಸಹಿತ 20 ಟನ್ ತೂಗಬಹುದು. ಡಬ್ಬಿಯ ಚೌಕಟ್ಟನ್ನು ಒತ್ತಿದ ಉಕ್ಕಿನ ತಗಡಿನಿಂದ ಮಾಡಿಸಿದ್ದರಿಂದ ಅದರ ಸ್ವಂತ ತೂಕ ಕಡಿಮೆ, ಉಳಿದದ್ದೆಲ್ಲ ಸಾಮಾನಿಗೆ. ಲೀಡ್ಸಿನ ಕಿಟ್ಸನ್ ಕಂಪನಿ ಕಟ್ಟಿದ ಎಂಜಿನ್ನಿಗೆ ಆರು ಅಚ್ಚುಗಳಿದ್ದವು. ಅದರ ಭಾರವೂ ಹಾಗೆಯೇ ಹಂಚಿಹೋಯಿತು. ಒಬ್ಬನ ತಲೆಯ ಮೇಲಿನ ಹೊರೆಯನ್ನು ಆರು ಜನ ಹಂಚಿಕೊಂಡಂತೆ. ಲೀಡ್ಸ್ ಬಳಿ ಹಳಿ ಹಾಸಿ ಈ ಗಾಡಿಗಳನ್ನು ಓಡಿಸಿ ತೋರಿಸಿದಾಗ ರೈಲು ಎಂಜಿನಿಯರರು ಬಂದು ನೋಡಿದರು. ಸಣ್ಣ ಹಳಿಯ ಬಗೆಗಿದ್ದ ತಾತ್ಸಾರ ಕಡಿಮೆಯಾದದ್ದು ಅಲ್ಲಿಂದ.

ಇಂಗ್ಲೆಂಡಿನಲ್ಲಿಯೇ ಲೀಕ್ ಮತ್ತು ಮ್ಯಾನಿಫೋಲ್ಡ್ ಎಂಬ ಕಣಿವೆಯ ರೈಲನ್ನು ಅವರು 1904ರಲ್ಲಿ ಇದೇ ಅಳತೆಯಲ್ಲಿ ಕಟ್ಟಿಸಿದರು. ಅದರ ಎರಡು ಎಂಜಿನ್‌ಗಳಲ್ಲಿ ಒಂದಕ್ಕೆ ಅವರದೇ ಹೆಸರು. ಮುಂದೆ ದೊಡ್ಡ ದೀಪ ಹೊತ್ತ ಎಂಜಿನ್, ವರಾಂಡ ಇರುವ ಡಬ್ಬಿಗಳು: ನೋಡಿದವರಿಗೆ ನಮ್ಮ ದೇಶದ ಗಾಡಿಯೇ ಅಲ್ಲಿಗೆ ಹೋದಂತೆ ಕಾಣುತ್ತಿತ್ತು. ದೊಡ್ಡ ಹಳಿಯ ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ಸಣ್ಣ ಹಳಿಯ ಮೇಲೆ ಓಡುವ ತಗ್ಗು ಗಾಡಿಯನ್ನೂ ಅಲ್ಲಿ ಬಳಸಿದರು. ಅಲ್ಲಿ ಹಾಲಿನ ಸಾಗಾಟವೇ ಮುಖ್ಯ. 1934ರಲ್ಲಿ ಆ ರೈಲು ನಿಂತರೂ ಹವ್ಯಾಸಿಗಳು ಅದರ ಮಾದರಿಗಳನ್ನು ಇಂದಿಗೂ ಕೂಡಿಸುತ್ತಾರೆ.

ಕಾಲ್ತ್ರಪ್ಪರ ಜೀವನದ ಇನ್ನೊಂದು ಭಾಗಕ್ಕೂ ರೈಲಿಗೂ ಸಂಬಂಧವಿಲ್ಲ. ಆದರೆ ಅದನ್ನು ಬಿಟ್ಟರೆ ಅವರ ಮನಸ್ಸು ತಿಳಿಯುವುದಿಲ್ಲ. ರೋಲ್ಸ್–ರಾಯ್ಸ್ ಕಾರುಗಳ ರೋಲ್ಸ್ ಅವರ ಸ್ನೇಹಿತರು. 1910ರ ಜುಲೈಯಲ್ಲಿ ರೋಲ್ಸರು ಹಾರಿಸುತ್ತಿದ್ದ ವಿಮಾನ ಮುರಿದು ಬಿದ್ದು ಅವರು ತೀರಿಕೊಂಡರು. ಅಂತಹ ಹೊತ್ತಿನಲ್ಲಿ ಹಾರುವವನ ಜೀವ ಉಳಿಸುವ ಸಾಧನ ಬೇಕೆಂದು ಕಾಲ್ತ್ರಪ್ ಪ್ಯಾರಾಚೂಟಿನ ಪ್ರಯೋಗಕ್ಕೆ ತೊಡಗಿದರು. ಜಿಗಿದವನ ಭಾರಕ್ಕೇ ತಾನಾಗಿ ಬಿಚ್ಚಿಕೊಳ್ಳುವ ಛತ್ರಿ ಅದು. ಅದಕ್ಕೆ ಗಾರ್ಡಿಯನ್ ಏಂಜೆಲ್, ಎಂದರೆ ಕಾಯುವ ದೇವದೂತ, ಎಂದು ಹೆಸರಿಟ್ಟರು. 1917ರಲ್ಲಿ ಲಂಡನ್ನಿನ ಟವರ್ ಸೇತುವೆಯಿಂದ ಸೈನ್ಯಾಧಿಕಾರಿಯೊಬ್ಬರು ಅದನ್ನು ಕಟ್ಟಿಕೊಂಡು ಜಿಗಿದು ತೋರಿಸಿದರು. ಅಷ್ಟಾದರೂ ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನ ಚಾಲಕರಿಗೆ ಪ್ಯಾರಾಚೂಟು ದೊರೆಯಲಿಲ್ಲ. ಅದು ಭಾರವೆಂಬುದು ಒಂದು ಕಾರಣ. ಕೈಯಲ್ಲಿದ್ದರೆ ಚಾಲಕರು ವಿಮಾನ ಬಿಟ್ಟು ಜಿಗಿದಾರೆಂಬ ಮೇಲಿನವರ ಶಂಕೆ ಇನ್ನೊಂದು. ಶತ್ರುಗಳ ನಾಡಿನಲ್ಲಿ ಗೂಢಚಾರರನ್ನು ಇಳಿಸಲು ಮಾತ್ರ ಕಾಲ್ತ್ರಪ್ಪರ ಛತ್ರಿ ಬಳಕೆಗೆ ಬಂತು. ಎಷ್ಟು ತರುಣರು ಉರಿಯುವ ವಿಮಾನದೊಡನೆಯೇ ನೆಲಕ್ಕೆ ಬಿದ್ದರೋ! ಈ ಒಂದು ಸಂಗತಿಯನ್ನು ಬರೆಯುವಾಗ ನಮ್ಮ ಕೈ ತಡೆಯಿತು.

ಎಸೆಕ್ಸ್ ಪ್ರಾಂತದ ಲೌಟನ್ನಿನ ಮನೆಯಲ್ಲಿ ಅವರು ಅರಬ್ಬೀ ಕುದುರೆಗಳನ್ನು ಸಾಕಿದರು. ಚಾವಟಿಯಿಲ್ಲದೆ ಸ್ನೇಹದಿಂದ ಕುದುರೆಯನ್ನು ಪಳಗಿಸುವುದರ ಬಗೆಗೆ 1920ರಲ್ಲಿ ಪುಸ್ತಕವನ್ನೂ ಬರೆದರು.

ಇತ್ತ ಬಾರ್ಶಿಯ ಹಳಿ ಬೆಳೆಯುತ್ತ ಹೋಯಿತು. ಒಂದು ಕಡೆ 1911ರಲ್ಲಿ ಲಾತೂರು ಮುಟ್ಟಿತು. ಇನ್ನೊಂದು ಕಡೆ ವಿಠ್ಠಲನ ಪಂಢರಪುರಕ್ಕೆ ಹೋಯಿತು. ಅಲ್ಲಿಂದ ಸಾಂಗೋಲೆ, ಜತ್ತ ರೋಡ್, ಢಾಲಗಾವ, ಕವಠೆ ಮಹಾಂಕಾಳ ಮಾರ್ಗವಾಗಿ ಮಿರಜ ಸೇರಿದ್ದು 1927ರಲ್ಲಿ. ಆಗ ಜತ್ತ ಡಫಳೆ ಮನೆತನದ ಸಂಸ್ಥಾನ. ಅದೇ 1927ರ ಮಾರ್ಚ್ 30ರಂದು ಕಾಲ್ತ್ರಪ್ ಲಂಡನ್ನಿನಲ್ಲಿ ತೀರಿಕೊಂಡರು.

ಕಂಪನಿ ವಿಲಾಯತಿಯದು, ಲಾಭವೂ ಅಲ್ಲಿಗೇ ಹೋಗುತ್ತಿತ್ತು ಎಂಬುದನ್ನು ನಾವು ಮರೆಯುವಂತಿಲ್ಲ. 1954ರಲ್ಲಿ ಭಾರತ ಸರಕಾರ ಅದನ್ನು ಕೊಂಡುಕೊಂಡಿತು. ಆಷಾಢ ಏಕಾದಶಿಗೆ ಡಬ್ಬಿ ತುಂಬಿ, ಛಾವಣಿಯೂ ತುಂಬಿ ವಾರಕರಿಗಳು ಹೋಗುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಮಿರಜ ನಿಲ್ದಾಣದಲ್ಲಿ ಬಹುಕಾಲ ದೊಡ್ಡ, ಮೀಟರ್ ಹಾಗೂ ಸಣ್ಣ ಹಳಿಗಳು ಮೂರೂ ಕೂಡಿದ್ದವು. ದೂರದ ದೇಶಗಳ ಹವ್ಯಾಸಿಗಳು ಕ್ಯಾಮರಾ ಹಿಡಿದು ಅದನ್ನು ನೋಡಲು ಬರುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಚೀಲ ಹೊತ್ತು ಹಾಕುವ ಹಮಾಲರಿಗೆ ಮಾತ್ರ ಅದು ಬೆನ್ನು ನೋವಿನ ವಿಷಯ.

ಸಣ್ಣ ಹಳಿ ಈಗ ಇಲ್ಲ. ಲಾತೂರಿನ ಕಡೆ 2008ರ ಹೊತ್ತಿಗೆ, ನಮ್ಮ ಕಡೆ 2011ರ ಹೊತ್ತಿಗೆ ದೊಡ್ಡ ಹಳಿ ಬಂತು. ಜತ್ತ ರೋಡಿನಲ್ಲಿ ಇಳಿದವರು ಜತ್ತಕ್ಕೆ ಬರಲು ಈಗಲೂ ರಸ್ತೆಯನ್ನೇ ಹಿಡಿಯಬೇಕು.