ಹೂಂ ಅಂದ ಯಜಮಾನ

ಲ್ಯಾಂಬೊರ್ಗಿನಿ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಹಾಸ್ಟೆಲ್ ಗೋಡೆಯ ಪೋಸ್ಟರ್, ಇಲ್ಲಾಂದ್ರೆ ಮೊಬೈಲಿನ ವಾಲ್‌ಪೇಪರ್. ಆ ಹೆಸರಿನ ಮನುಷ್ಯ ಮೊದಲು ಮಾರಿದ್ದು ಕಾರಲ್ಲ, ಟ್ರ್ಯಾಕ್ಟರ್ ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಫೆರುಚ್ಚೊ ಲ್ಯಾಂಬೊರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಉತ್ತರ ಇಟಲಿಯ ರೆನಾಜೊ ಎಂಬ ಹಳ್ಳಿಯಲ್ಲಿ. ಮನೆಯವರು ದ್ರಾಕ್ಷಿ ಬೆಳೆಯುವ ರೈತರು. ಹುಡುಗನಿಗೆ ಬೆಳೆಗಿಂತ ಯಂತ್ರಗಳ ಮೇಲೇ ಕಣ್ಣು. ಎರಡನೇ ಮಹಾಯುದ್ಧದಲ್ಲಿ ವಾಯುಪಡೆಯ ಮೆಕ್ಯಾನಿಕ್ ಆಗಿ ರೋಡ್ಸ್ ದ್ವೀಪದಲ್ಲಿ ವಾಹನ ರಿಪೇರಿ ಮಾಡಿದ. ಕೊನೆಗೆ ಬ್ರಿಟಿಷರ ಕೈಗೆ ಸೆರೆಸಿಕ್ಕಿ, 1946ರಲ್ಲಿ ಊರಿಗೆ ಮರಳಿದ. ಮರುವರ್ಷ ಮಗ ಹುಟ್ಟಿದ. ಆ ಹೆರಿಗೆಯಲ್ಲೇ ಹೆಂಡತಿ ತೀರಿಹೋದಳು.

ಯುದ್ಧದಲ್ಲಿ ಸೋತ ದೇಶ. ರೈತರಿಗೆ ಟ್ರ್ಯಾಕ್ಟರ್ ಬೇಕು, ಕೊಳ್ಳಲು ದುಡ್ಡಿಲ್ಲ. ಸೇನೆ ಬಿಟ್ಟುಹೋದ ವಾಹನಗಳ ಭಾಗಗಳನ್ನೇ ಜೋಡಿಸಿ ಫೆರುಚ್ಚೊ ಟ್ರ್ಯಾಕ್ಟರ್ ಕಟ್ಟಿದ. ಪೆಟ್ರೋಲ್ ದುಬಾರಿ ಅಂತ, ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಅಗ್ಗದ ಇಂಧನದಲ್ಲಿ ಓಡುವ ಹಾಗೆ ಮಾಡಿದ. ವ್ಯಾಪಾರ ಕುದುರಿತು, ದುಡ್ಡು ಬಂತು, ಮನೆಗೆ ಫೆರಾರಿ ಕಾರುಗಳೂ ಬಂದವು. ಪದೇ ಪದೇ ಕೈಕೊಡುತ್ತಿದ್ದ ಕ್ಲಚ್ ಬಗ್ಗೆ ಎಂಜೊ ಫೆರಾರಿಗೆ ದೂರು ಹೇಳಲು ಹೋಗಿ ಅವಮಾನ ಮಾಡಿಸಿಕೊಂಡು ಬಂದ ಅನ್ನೋ ಕಥೆ ಜಗತ್ಪ್ರಸಿದ್ಧ. ಅದೇನೇ ಇರಲಿ, 1963ರಲ್ಲಿ ಸಾಂತಾಗಾತಾ ಊರಿನಲ್ಲಿ ಆತನ ಕಾರ್ಖಾನೆ ಎದ್ದು ನಿಂತಿತು.

ಆತನಿಗೆ ಬೇಕಿದ್ದದ್ದು ಆರಾಮಾಗಿ ದೂರ ಹೋಗಬಹುದಾದ, ಅಚ್ಚುಕಟ್ಟಾದ ಕಾರು. ರೇಸಿಂಗ್ ಹುಚ್ಚು ಬೇಡ ಅನ್ನೋದು ಆತನ ನಿಲುವು. ಆದರೆ ಆತ ಕೆಲಸಕ್ಕಿಟ್ಟುಕೊಂಡಿದ್ದ ಡಲ್ಲಾರ, ಸ್ಟಾಂಝಾನಿ ಎಂಬ ಎಂಜಿನಿಯರುಗಳಿಗೆ, ಟೆಸ್ಟ್ ಡ್ರೈವರ್ ಬಾಬ್ ವ್ಯಾಲೇಸ್‌ಗೆ ಇದ್ದದ್ದು ಅದೇ ಹುಚ್ಚು. ಮೂವರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಕೆಲಸದ ಹೊತ್ತು ಮುಗಿದ ಮೇಲೆ ಕೂತು, ಎಂಜಿನ್ ಅನ್ನು ಸೀಟಿನ ಹಿಂದಿಡುವ ಕಾರನ್ನು ರೂಪಿಸಿದರು. ಉದ್ದನೆಯ ವಿ-12 ಎಂಜಿನ್ ಅಲ್ಲಿ ಹಿಡಿಸಬೇಕಲ್ಲ? ಅಡ್ಡ ತಿರುಗಿಸಿಬಿಟ್ಟರು! ಎಂಜಿನ್ನು, ಗೇರ್‌ಬಾಕ್ಸು ಒಂದೇ ಎರಕದಲ್ಲಿ. ಎರಡಕ್ಕೂ ಒಂದೇ ಆಯಿಲ್.

ಇದು ತನ್ನ ಅಭಿರುಚಿಯ ಕಾರಲ್ಲ ಅಂತ ಯಜಮಾನನಿಗೆ ಗೊತ್ತಿತ್ತು. ಹೆಚ್ಚು ಮಾರಾಟವಾಗುತ್ತೆ ಅನ್ನೋ ನಂಬಿಕೆಯೂ ಇರಲಿಲ್ಲ. ಪ್ರಚಾರಕ್ಕಾದರೂ ಆಗಲಿ ಅಂತ ಹೂಂ ಅಂದ. 1965ರ ಟ್ಯೂರಿನ್ ಪ್ರದರ್ಶನದಲ್ಲಿ ಬಾಡಿಯಿಲ್ಲದ ಬರೀ ಚಾಸಿ ನಿಲ್ಲಿಸಿದರೂ ಜನ ಮುತ್ತಿಕೊಂಡರು. ಬೆರ್ಟೋನೆ ಕಂಪನಿಯ ಗಾಂಡಿನಿ, ಅವನೂ ಇಪ್ಪತ್ತೇಳರ ಹುಡುಗ, ಅದಕ್ಕೆ ರೂಪ ಕೊಟ್ಟ. 1966ರ ಮಾರ್ಚಿನಲ್ಲಿ ಜಿನೀವಾದಲ್ಲಿ ಮಿಯುರಾ ಹೊರಬಂತು: 3.9 ಲೀಟರ್, 350 ಅಶ್ವಶಕ್ತಿ, ಗಂಟೆಗೆ ಸುಮಾರು 280 ಕಿ.ಮೀ.

ಓಡಿಸೋದು ಮಾತ್ರ ಸುಲಭವಿರಲಿಲ್ಲ. ತಲೆಯ ಹಿಂದೆಯೇ ಹನ್ನೆರಡು ಸಿಲಿಂಡರ್‌ಗಳ ಗರ್ಜನೆ, ಕ್ಯಾಬಿನ್ನಿನೊಳಗೆ ಸೆಕೆ. ವೇಗ ಏರಿದಂತೆ ಗಾಳಿ ಮೂತಿಯನ್ನು ಮೇಲೆತ್ತುತ್ತಿತ್ತು. ಪೆಟ್ರೋಲ್ ಟ್ಯಾಂಕ್ ಮುಂದಿದ್ದ ಕಾರಣ, ಅದು ಖಾಲಿಯಾದಷ್ಟೂ ಮುಂಭಾಗ ಹಗುರ, ಸ್ಟಿಯರಿಂಗ್ ಇನ್ನೂ ಸಡಿಲ. ಗೇರಿನ ಲೋಹದ ಚೂರು ಆಯಿಲ್ ಜೊತೆ ಎಂಜಿನ್ನಿಗೆ ಹೋಗುವ ಅಪಾಯ ಬೇರೆ. ಚಾಸಿ ಗಟ್ಟಿ ಮಾಡುತ್ತಾ, ಸಸ್ಪೆನ್ಷನ್ ತಿದ್ದುತ್ತಾ ಹೋದರು. 1971ರಲ್ಲಿ ಬಂದ ಎಸ್‌ವಿ ಮಾದರಿಯ ಕೊನೆಯ ಕಾರುಗಳಲ್ಲಿ ಆಯಿಲ್ ಕೂಡ ಬೇರೆಬೇರೆಯಾಯಿತು.

ಅಷ್ಟು ಹೊತ್ತಿಗೆ ಫೆರುಚ್ಚೊನ ಕಾಲ ಕೆಟ್ಟಿತ್ತು. ಬೊಲಿವಿಯಾದಿಂದ ಬಂದಿದ್ದ ದೊಡ್ಡ ಟ್ರ್ಯಾಕ್ಟರ್ ಆರ್ಡರ್ ರದ್ದಾಯಿತು. ಮೊದಲು ಟ್ರ್ಯಾಕ್ಟರ್ ಕಂಪನಿ ಕೈಬಿಟ್ಟಿತು. 1974ರ ಹೊತ್ತಿಗೆ ಕಾರು ಕಂಪನಿಯ ಕೊನೆಯ ಪಾಲನ್ನೂ ಮಾರಿಬಿಟ್ಟ. ಆಮೇಲೆ ಟ್ರಾಸಿಮೆನೊ ಸರೋವರದ ದಡದಲ್ಲಿ ಜಮೀನು ಮಾಡಿಕೊಂಡು ಮತ್ತೆ ದ್ರಾಕ್ಷಿ ಬೆಳೆದ, ವೈನ್ ಮಾಡಿದ. 1993ರ ಫೆಬ್ರವರಿ 20ರಂದು, 76ನೇ ವಯಸ್ಸಿನಲ್ಲಿ ತೀರಿಕೊಂಡ.

ಮಿಯುರಾದ ಡ್ರಾಯಿಂಗ್ ಮಾಡಿದ್ದು ಆತನಲ್ಲ. ಆದರೆ ಅಂದು ಬೇಡ ಅನ್ನಲು ಆತನ ಬಳಿ ನೂರು ಕಾರಣವಿತ್ತು, ಅನ್ನಲಿಲ್ಲ. ನಮ್ಮಲ್ಲಿ ಕೆಲವರು ನಾಳೆ ಅದೇ ಯಜಮಾನನ ಕುರ್ಚಿಯಲ್ಲಿ ಕೂತಿರ್ತೀವಿ. ಎದುರಿಗೆ ಯಾರೋ ಹುಡುಗರು ಎಂಜಿನ್ ಅಡ್ಡ ತಿರುಗಿಸಿದ ಡ್ರಾಯಿಂಗ್ ಹಿಡಿದು ನಿಂತಿರ್ತಾರೆ. ಆಗ ಈತ ನೆನಪಾಗಲಿ.