ಚಂದ್ರನ ಮೇಲೆ ಹೆಸರಾದ ವಿಕ್ರಮ್ ಸಾರಾಭಾಯಿ

ಮಕ್ಕಳೇ, 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಬಳಿ ಇಳಿಯಿತು. ಅದರ ಹೆಸರು ವಿಕ್ರಮ್. ಇದು ಯಾರ ಹೆಸರು ಗೊತ್ತೇ? ಭಾರತದ ಬಾಹ್ಯಾಕಾಶ ಸಂಶೋಧನೆಗೆ ಅಡಿಪಾಯ ಹಾಕಿದ ಡಾ. ವಿಕ್ರಮ್ ಸಾರಾಭಾಯಿ ಅವರದು.

ಸಾರಾಭಾಯಿ 1919ರ ಆಗಸ್ಟ್ 12ರಂದು ಅಹಮದಾಬಾದಿನಲ್ಲಿ, ಬಟ್ಟೆ ಗಿರಣಿ ನಡೆಸುವ ಶ್ರೀಮಂತ ಮನೆತನದಲ್ಲಿ ಜನಿಸಿದರು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ಅವರು ಸ್ವದೇಶಕ್ಕೆ ಮರಳಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ, ಬಾಹ್ಯಾಕಾಶದಿಂದ ಭೂಮಿಗೆ ಬರುವ ವಿಶ್ವಕಿರಣಗಳ ಅಧ್ಯಯನ ನಡೆಸಿದರು.

1947ರಲ್ಲಿ ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. 1963ರ ನವೆಂಬರ್ 21ರಂದು ಕೇರಳದ ತುಂಬಾ ಎಂಬ ಮೀನುಗಾರರ ಹಳ್ಳಿಯಿಂದ ಮೊದಲ ರಾಕೆಟ್ ಹಾರಿತು. ಅಲ್ಲಿನ ಒಂದು ಚರ್ಚ್ ಕಟ್ಟಡವೇ ವಿಜ್ಞಾನಿಗಳ ಕಚೇರಿ. ರಾಕೆಟ್ಟಿನ ಭಾಗಗಳನ್ನು ಸೈಕಲ್ ಮೇಲೂ ಸಾಗಿಸುತ್ತಿದ್ದರು!

ಬಡ ದೇಶಕ್ಕೆ ರಾಕೆಟ್ ಏಕೆ ಎಂದು ಹಲವರು ಕೇಳಿದರು. ಹವಾಮಾನ ಮುನ್ಸೂಚನೆ, ದೂರಸಂಪರ್ಕ, ಹಳ್ಳಿಗಳಿಗೆ ಶಿಕ್ಷಣ ಇವೆಲ್ಲ ಉಪಗ್ರಹಗಳಿಂದ ಸಾಧ್ಯ ಎಂಬುದು ಸಾರಾಭಾಯಿ ಅವರ ನಂಬಿಕೆಯಾಗಿತ್ತು. ಅವರು 1971ರ ಡಿಸೆಂಬರ್ 30ರಂದು, ಕೇವಲ 52ನೇ ವಯಸ್ಸಿನಲ್ಲಿ ನಿಧನರಾದರು. ಆದರೆ ಅವರ ಯೋಜನೆ ನಿಲ್ಲಲಿಲ್ಲ. 1975ರಲ್ಲಿ ಉಪಗ್ರಹದ ಮೂಲಕ ನಮ್ಮ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೂ ಟಿ.ವಿ. ಪಾಠ ಬಂದಿತು. ಅದೇ ವರ್ಷ ಅವರ ಶಿಷ್ಯ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದಲ್ಲಿ ತಯಾರಾದ ಆರ್ಯಭಟ ಉಪಗ್ರಹ ಕಕ್ಷೆ ಸೇರಿತು. ಇಂದು ಶಿವಾಜಿನಗರದಿಂದ ಪೂರ್ವಕ್ಕೆ, ಹಳೆಯ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿ ರಾವ್ ಅವರ ಹೆಸರಿನ ಉಪಗ್ರಹ ಕೇಂದ್ರವಿದೆ.

ವಿಜ್ಞಾನ ವಿಜ್ಞಾನಿಗಳಿಗೆ ಮಾತ್ರ ಸೇರಿದ್ದಲ್ಲ ಎಂದು ಸಾರಾಭಾಯಿ ಭಾವಿಸಿದ್ದರು. ಮಕ್ಕಳೂ ಜನಸಾಮಾನ್ಯರೂ ಕೈಯಾರೆ ಪ್ರಯೋಗ ಮಾಡಲೆಂದು 1960ರ ದಶಕದಲ್ಲಿ ಅಹಮದಾಬಾದಿನಲ್ಲಿ ಸಮುದಾಯ ವಿಜ್ಞಾನ ಕೇಂದ್ರವನ್ನು ತೆರೆದರು.

ಇದು ಎಷ್ಟು ಸರಿ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ವಿಕ್ರಮ್ ಎಂಬ ಹೆಸರಿನ ಲ್ಯಾಂಡರ್ ಮೊದಲು ಹೋದದ್ದು ಚಂದ್ರಯಾನ-2ರಲ್ಲಿ. 2019ರ ಸೆಪ್ಟೆಂಬರ್ 7ರಂದು ಇಳಿಯುವಾಗ ಅದರ ಸಂಪರ್ಕ ಕಡಿದು, ಅದು ನೆಲಕ್ಕೆ ಅಪ್ಪಳಿಸಿತು. ಬಿದ್ದ ಜಾಗ ಯಾವುದು? ಚಂದ್ರನನ್ನು ಸುತ್ತುತ್ತಿರುವ ನಾಸಾದ ನೌಕೆ ತೆಗೆದ ಚಿತ್ರಗಳನ್ನು ಎಲ್ಲರೂ ನೋಡುವಂತೆ ಬಿಡುಗಡೆ ಮಾಡಲಾಯಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ತಮ್ಮ ಬಿಡುವಿನಲ್ಲಿ ಹೊಸ ಚಿತ್ರವನ್ನು ಹಳೆಯ ಚಿತ್ರದೊಂದಿಗೆ ಹೋಲಿಸಿದರು. ಹಿಂದೆ ಇಲ್ಲದಿದ್ದ ಒಂದೇ ಒಂದು ಬಿಳಿ ಚುಕ್ಕೆ ಸಿಕ್ಕಿತು! ನಾಸಾ ವಿಜ್ಞಾನಿಗಳು ಪರಿಶೀಲಿಸಿ, ಅದು ವಿಕ್ರಮ್‌ನ ಚೂರು ಎಂದು ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ಅದು ಲ್ಯಾಂಡರ್ ಬಿದ್ದ ಜಾಗದಿಂದ ಸುಮಾರು 750 ಮೀಟರ್ ದೂರದಲ್ಲಿತ್ತು. 2023ರಲ್ಲಿ ಸುರಕ್ಷಿತವಾಗಿ ಇಳಿದು ನಿಂತ ವಿಕ್ರಮ್‌ನ ಚಿತ್ರವನ್ನು ಚಂದ್ರಯಾನ-2ರ ಕಕ್ಷಾ ನೌಕೆಯೇ ತೆಗೆಯಿತು.

ಚಂದ್ರನ ಮೇಲೆ ಕುಳಿ, ಬಂಡೆಗಳು ಲೆಕ್ಕವಿಲ್ಲದಷ್ಟಿವೆ. ಸೂರ್ಯನ ಬೆಳಕು ಓರೆಯಾದಂತೆ ನೆರಳೂ ಬದಲಾಗುತ್ತದೆ. ಆದ್ದರಿಂದ ಬೆಳಕು ಒಂದೇ ದಿಕ್ಕಿನಿಂದ ಬಿದ್ದಿರುವ ಹಿಂದಿನ ಮತ್ತು ಇಂದಿನ ಚಿತ್ರಗಳನ್ನು ಹೋಲಿಸಬೇಕು.

ನೀವೂ ಮಾಡಿ ನೋಡಿ: ನೆಲದ ಮೇಲೆ ಮರಳು ಹರಡಿ, ಸಣ್ಣ ಕಲ್ಲುಗಳನ್ನಿಟ್ಟು ಮೇಲಿನಿಂದ ನೋಡಿ ಚಿತ್ರ ಬರೆಯಿರಿ. ನೀವು ಆಚೆ ತಿರುಗಿದಾಗ ಗೆಳೆಯರು ಇನ್ನೊಂದು ಕಲ್ಲು ಇಡಲಿ. ಚಿತ್ರ ನೋಡಿ ಅದನ್ನು ಹುಡುಕಿ. ಅದೇ ಆಟವನ್ನು ಸಂಜೆ, ನೆರಳು ಉದ್ದವಾದಾಗ ಆಡಿ. ಯಾವಾಗ ಕಷ್ಟ? ಏಕೆ?